ಸ್ವಚ್ಛತಾ ಕೌಶಲ್ಯ

ನಮ್ಮೂರಿನ ನಗರಸಭೆಗೆ ಇದ್ದಕ್ಕಿದ್ದ ಹಾಗೆ ನಮ್ಮ ಮೇಲೆ ಪ್ರೀತಿ ಉಕ್ಕಿ ಬಂತು.

ಅಲ್ಲಿಯವರೆಗೆ ನಗರಸಭೆಯಿಂದ ನಮ್ಮ ಓಣಿಗೆ ಬರುತ್ತಿದ್ದದ್ದು ನೀರಿನ ಕಂದಾಯದ ನೋಟಿಸು, ಅದನ್ನು ಕಟ್ಟಿಲ್ಲ ಎಂದು ಇನ್ನೊಂದು ನೋಟಿಸು. ನೀರು ಬರುತ್ತಿರಲಿಲ್ಲ. ಈಗ ಮೈಕು ಕಟ್ಟಿದ ವ್ಯಾನು ಬಂತು. ಕೆಲಸವಿಲ್ಲದ ಯುವಕ ಯುವತಿಯರೇ ಬನ್ನಿ, ನಗರಸಭೆ ನಿಮ್ಮ ಕೈ ಹಿಡಿಯಲಿದೆ ಎಂದು ಕೂಗಿತು. ಒಳಗೆ ತಿರುಗಿಸಲು ಜಾಗವಿಲ್ಲವೆಂದು ಓಣಿಯ ಬಾಯಲ್ಲೇ ನಿಂತು ಕೂಗಿ, ಹಿಂದಕ್ಕೆ ಹೋಯಿತು. ಕೈ ಹಿಡಿಯುವವರೂ ನಮ್ಮ ಓಣಿಯ ಒಳಗೆ ಬರುವುದಿಲ್ಲ.

ಅಜ್ಜಿ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತದೆ ಹೇಳಿದಳು:

“ಹಿಡೀಲಿ ಬಿಡು. ಇಷ್ಟು ದಿನ ಕತ್ತು ಹಿಡೀತಿದ್ರು.”

ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಅಪ್ಪ ತೀರಿಕೊಂಡ ವರ್ಷ ಅಜ್ಜಿಗೂ ಹಾಸಿಗೆ ಹಿಡಿಯುವಂಥ ಜ್ವರ. ಅಮ್ಮ ಕೆಲಸಕ್ಕೆ ಹೋಗಲೇಬೇಕಿತ್ತು. ಮನೆಯಲ್ಲಿ ಒಬ್ಬರು ಬೇಕಿತ್ತು, ನಾನು ಉಳಿದೆ. ಅಜ್ಜಿ ಎದ್ದು ಓಡಾಡುವ ಹೊತ್ತಿಗೆ ಶಾಲೆ ನನ್ನನ್ನು ಮರೆತಿತ್ತು. ಆಮೇಲೆ ಕೆಲಸ ಹುಡುಕಿದೆ. ಬಟ್ಟೆ ಅಂಗಡಿಯವನು ಕೇಳಿದ, ಔಷಧಿ ಅಂಗಡಿಯವನೂ ಕೇಳಿದ, ಮನೆ ಎಲ್ಲಿ ಎಂದು. ಎಲ್ಲಿ ಎಂದು ಹೇಳಿದ ಮೇಲೆ ಕೆಲಸ ಖಾಲಿ ಇರುತ್ತಿರಲಿಲ್ಲ. ಹೇಳುವ ಮೊದಲು ಇರುತ್ತಿತ್ತು.

ಅಮ್ಮ ನಗರಸಭೆಯ ಕಟ್ಟಡದಲ್ಲೇ ಕಸ ಗುಡಿಸಿ ಕಕ್ಕಸು ತೊಳೆಯುವವಳು. ಖಾಯಂ ಅಲ್ಲ. ಮೇಸ್ತ್ರಿ ಹಾಜರಿ ಹಾಕಿದ ದಿನಕ್ಕೆ ಕೂಲಿ. ಹಿಂದೆ ಅಲ್ಲಿ ಇಬ್ಬರಿದ್ದರು, ಕೆಳಗಿನ ಅಂತಸ್ತಿಗೆ ಒಬ್ಬರು, ಮೇಲಿನದಕ್ಕೆ ಒಬ್ಬರು. ಇನ್ನೊಬ್ಬಾಕೆ ಮಂಡಿ ಹಾಳಾಗಿ ಬಿಟ್ಟ ಮೇಲೆ ಆ ಜಾಗ ಹಾಗೇ ಖಾಲಿ ಉಳಿಯಿತು. ಎರಡೂ ಅಂತಸ್ತು ಅಮ್ಮನ ಸೊಂಟದ ಮೇಲೆ ಬಿತ್ತು. ಕೂಲಿ ಮಾತ್ರ ಒಂದು ಅಂತಸ್ತಿನದೇ.

ಸೇರು, ಒಳಗೆ ಕಾಲಿಟ್ಟರೆ ಸಾಕು, ಆಮೇಲೆ ಹೇಗೋ ಆಗುತ್ತೆ ಎಂದು ಅಮ್ಮ ಹೇಳಿದಳು. ಸೇರಿದೆ.

ಮೇಲಿನ ಅಂತಸ್ತಿನ ಒಂದು ಕೋಣೆಯನ್ನು ನಮಗೆ ಬಿಟ್ಟುಕೊಟ್ಟಿದ್ದರು. ಹಳೆಯ ಕುರ್ಚಿ, ಹೊಸ ಬೋರ್ಡು. ತರಬೇತಿ ಕೊಡಲು ಒಬ್ಬ ಮೇಡಂ ಬಂದರು. ಅವರಿಗೆ ಸಂಬಳವಿತ್ತು. ನಮ್ಮ ನಿರುದ್ಯೋಗದಿಂದ ಒಬ್ಬರಿಗಾದರೂ ಉದ್ಯೋಗ ಸಿಕ್ಕಿತ್ತಲ್ಲ ಎಂದು ಸಮಾಧಾನ. ಅವರು ಬೈಯುವಾಗಲೂ ನಗುತ್ತಿದ್ದರು. ನಗು ಮೇಡಂ ಎಂದು ಅವರಿಗೆ ಹೆಸರಿಟ್ಟವನು ನಮ್ಮ ಜೊತೆಗಿದ್ದ ಡಿಗ್ರಿ. ಡಿಗ್ರಿ ಪಾಸಾಗಿದ್ದ, ಅದಕ್ಕೇ ಎಲ್ಲರೂ ಅವನನ್ನು ಡಿಗ್ರಿ ಎನ್ನುತ್ತಿದ್ದೆವು. ಅದು ಬಿಟ್ಟರೆ ಅವನ ಹತ್ತಿರ ಬೇರೇನೂ ಇರಲಿಲ್ಲ.

ನಗು ಮೇಡಂ ಪ್ರಕಾರ ನಮಗೆ ಕೆಲಸ ಸಿಗದಿರಲು ಕಾರಣ ಊರಲ್ಲಿ ಕೆಲಸ ಇಲ್ಲದಿರುವುದಲ್ಲ. ನಾವು ಕುರ್ಚಿಯ ಮೇಲೆ ಕೂರುವ ರೀತಿ. ಬೆನ್ನು ನೆಟ್ಟಗಿರಬೇಕು. ಕೈ ಕುಲುಕುವಾಗ ಗಟ್ಟಿಯಾಗಿ ಹಿಡಿಯಬೇಕು, ನೋಯಿಸಬಾರದು. ನಗಬೇಕು, ಹಲ್ಲು ಪೂರ್ತಿ ಕಾಣಬಾರದು. ದಿನಗಟ್ಟಲೆ ನಾವು ಒಬ್ಬರ ಕೈ ಒಬ್ಬರು ಕುಲುಕಿದೆವು. ಕೆಲಸ ಕೊಡುವವರು ಯಾರೂ ಇಲ್ಲದ ಕೋಣೆಯಲ್ಲಿ ಕೆಲಸ ಇಲ್ಲದವರೆಲ್ಲ ಸೇರಿ ಪರಸ್ಪರ ಅಭಿನಂದಿಸಿಕೊಂಡೆವು.

ನನಗೆ ಮಾತು ಏಳುತ್ತಿರಲಿಲ್ಲ. ನಿಮ್ಮ ಬಗ್ಗೆ ಹೇಳಿ ಎಂದರೆ ಹೆಸರನ್ನಷ್ಟೇ ಮೆಲ್ಲಗೆ ಹೇಳಿ ಕೂತುಬಿಡುತ್ತಿದ್ದೆ. ಈ ಹುಡುಗಿಗೆ ಆತ್ಮವಿಶ್ವಾಸ ಇಲ್ಲ, ದಿನಾ ಕನ್ನಡಿ ಮುಂದೆ ನಿಂತು ನಾನು ಸಾಧಿಸುತ್ತೇನೆ ಎಂದು ಹೇಳಿಕೊಳ್ಳಬೇಕು ಎಂದು ಮೇಡಂ ಔಷಧಿ ಬರೆದರು. ನಮ್ಮ ಮನೆಯ ಕನ್ನಡಿ ಅಂಗೈಯಗಲ. ಒಂದು ಸಲಕ್ಕೆ ಅರ್ಧ ಮುಖ ಮಾತ್ರ ಕಾಣುತ್ತಿತ್ತು. ಎಡಗಡೆಗೆ ಒಂದು ದಿನ, ಬಲಗಡೆಗೆ ಒಂದು ದಿನ ಆತ್ಮವಿಶ್ವಾಸ ತುಂಬಿಸಿದೆ.

ಐದು ವರ್ಷ ಬಿಟ್ಟು ನಿಮ್ಮನ್ನು ನೀವು ಎಲ್ಲಿ ನೋಡಲು ಬಯಸುತ್ತೀರಿ ಎಂದು ಮೇಡಂ ಒಂದು ದಿನ ಎಲ್ಲರನ್ನೂ ಕೇಳಿದರು. ಡಿಗ್ರಿ ಎದ್ದು ನಿಂತು, ಬೆನ್ನು ನೆಟ್ಟಗೆ ಮಾಡಿಕೊಂಡು, “ಇಲ್ಲೇ ಮೇಡಂ, ಇದೇ ಕುರ್ಚೀಲಿ. ಮುರೀದೇ ಇದ್ದರೆ” ಎಂದ. ಮೇಡಂ ನಕ್ಕರು. ಅದು ಅವರ ಬೈಗುಳ.

ತರಬೇತಿ ಮುಗಿಯಿತು. ನಾವು ಕೈ ಕುಲುಕಲು ತಯಾರಾಗಿ ನಿಂತೆವು. ಊರಿನ ಯಾವ ಕೈಯೂ ಮುಂದೆ ಬರಲಿಲ್ಲ. ಆಗ ನಗರಸಭೆಯ ಅಧ್ಯಕ್ಷರೇ ದೊಡ್ಡ ಮನಸ್ಸು ಮಾಡಿದರು. ಬೇರೆಯವರು ಕೊಡದಿದ್ದರೇನು, ನಗರಸಭೆಯೇ ಮಾದರಿಯಾಗಿ ಎಲ್ಲರನ್ನೂ ತೆಗೆದುಕೊಳ್ಳುತ್ತದೆ ಎಂದರು. ಚಪ್ಪಾಳೆ ಬಿತ್ತು. ಚಪ್ಪಾಳೆ ನಿಂತ ಮೇಲೆ ಉಳಿದದ್ದನ್ನು ಹೇಳಿದರು. ಇದು ಅನುಭವ. ಅನುಭವಕ್ಕೆ ಸಂಬಳ ಇರುವುದಿಲ್ಲ. ಬಸ್ಸಿನ ಖರ್ಚು ಕೊಡುತ್ತಾರೆ, ಕೊನೆಗೆ ಸರ್ಟಿಫಿಕೇಟು. ಆಮೇಲೆ ನಾವು ಹೋಗಬೇಕು, ಹೊಸ ತಂಡ ಬರಬೇಕು, ಅವರಿಗೂ ಅನುಭವ ಬೇಡವೇ?

ಯಾರಿಗೆ ಯಾವ ಕೌಶಲ್ಯ ಎಂದು ಮೇಡಂ ಓದಿದರು. ಡಿಗ್ರಿಗೆ ಸಾರ್ವಜನಿಕ ಸಂಪರ್ಕ, ಅಂದರೆ ಬಾಗಿಲಲ್ಲಿ ಕೂತು ಬಂದವರಿಗೆ ಟೋಕನ್ ಕೊಡುವುದು. ಪೇಟೆಯ ಕಡೆಯ ಇಬ್ಬರು ಹುಡುಗಿಯರಿಗೆ ಕಚೇರಿ ನಿರ್ವಹಣೆ, ಅಂದರೆ ಫೈಲು ಹೊರುವುದು. ನನ್ನ ಸರದಿ ಬಂದಾಗ ಮೇಡಂ ನನ್ನ ವಿಳಾಸ ನೋಡಿದರು. ನನ್ನ ಕೌಶಲ್ಯ ಯಾವುದು ಎಂದು ನನಗಿಂತ ಮೊದಲು ಅವರಿಗೆ ಗೊತ್ತಾಯಿತು.

“ಸ್ವಚ್ಛತಾ ಕೌಶಲ್ಯ” ಎಂದರು. ನಕ್ಕರು.

ಎಲ್ಲರಿಗೂ ಒಂದೊಂದು ಟೀ ಶರ್ಟು ಕೊಟ್ಟರು. ಎದೆಯ ಮೇಲೆ ‘ನನ್ನ ಕೈಗೆ ಕೆಲಸ’, ಬೆನ್ನ ಮೇಲೆ ಅಧ್ಯಕ್ಷರ ಮುಖ. ನಾನು ಕಕ್ಕಸು ಉಜ್ಜಲು ಬಗ್ಗಿದಾಗಲೆಲ್ಲ ಅಧ್ಯಕ್ಷರು ನಗುತ್ತಾ ಸೂರು ನೋಡುತ್ತಿದ್ದರು.

ಅಮ್ಮನಿಗೆ ಮಾತ್ರ ಹಬ್ಬ. ಅವಳ ಲೆಕ್ಕದಲ್ಲಿ ಖಾಲಿ ಬಿದ್ದಿದ್ದ ಜಾಗ ಕೊನೆಗೂ ತುಂಬಿತ್ತು. ಸಂಬಳ ಈಗ ಇಲ್ಲದಿದ್ದರೇನು, ಕೈಯ ಕೆಲಸ ನೋಡಿದ ಮೇಲೆ ಕೊಡದೆ ಇರುತ್ತಾರೆಯೇ ಎಂದಳು. ಮೇಸ್ತ್ರಿ ಬಂದು, ನಿನ್ನ ಮಗಳಿಗೆ ಎಲ್ಲಾ ಕಲಿಸು, ಎರಡೂ ಅಂತಸ್ತು ಕಲಿಸು, ಯಾವುದನ್ನೂ ಬಿಡಬೇಡ ಎಂದು ಹೇಳಿ ಹೋದ. ಅಮ್ಮ ಅದನ್ನು ಗೌರವ ಎಂದುಕೊಂಡಳು. ಎದೆ ಉಬ್ಬಿಸಿಕೊಂಡು ಕಲಿಸಿದಳು.

ಸಭಾಂಗಣದ ನೆಲವನ್ನು ಹಿಂದೆ ಹಿಂದೆ ಸರಿಯುತ್ತಾ ಒರೆಸಬೇಕು. ಆಸಿಡ್ ಹಾಕುವಾಗ ಬಾಯಿಗೆ ಬಟ್ಟೆ ಕಟ್ಟಿಕೊಂಡು ಮುಖ ಬಾಗಿಲ ಕಡೆ ತಿರುಗಿಸಬೇಕು. ಸದಸ್ಯರ ಸಭೆ ಇದ್ದ ದಿನ ಕೈ ತೊಳೆಯುವ ತೊಟ್ಟಿಯಲ್ಲಿ ಉಗುಳಿರುತ್ತಾರೆ, ಒಣಗುವ ಮೊದಲು ತೆಗೆಯಬೇಕು. ಮಧ್ಯಾಹ್ನದವರೆಗೆ ನೀರು ಕುಡಿಯಬಾರದು. ಏಕೆಂದರೆ ನಾವು ತೊಳೆಯುವ ಕಕ್ಕಸು ನಮ್ಮದಲ್ಲ. ಮೇಲಿನದು ಅಧಿಕಾರಿಗಳದ್ದು, ಕೆಳಗಿನದು ಸಿಬ್ಬಂದಿಯದ್ದು. ಅವೆರಡರ ಬೀಗದ ಕೈ ಅಮ್ಮನ ಸೊಂಟದಲ್ಲೇ ಇರುತ್ತಿತ್ತು. ಇಷ್ಟು ವರ್ಷ ಇಟ್ಟುಕೊಂಡೂ ಒಂದು ದಿನ ತನಗಾಗಿ ತೆಗೆದವಳಲ್ಲ. ಹೊಟ್ಟೆ ಹಿಡಿದುಕೊಂಡು ಮನೆಗೆ ಓಡಿ ಬರುತ್ತಿದ್ದಳು.

ಮೇಲಿನ ಕಕ್ಕಸಿನ ಪೈಪು ಎಲ್ಲೋ ಸೊಟ್ಟಗಾಗಿತ್ತು. ಆಗಾಗ ಕಟ್ಟಿಕೊಳ್ಳುತ್ತಿತ್ತು. ಅದನ್ನು ಒಡೆದು ಸರಿ ಮಾಡಿಸುವ ಬದಲು ನಗರಸಭೆ ಅಮ್ಮನನ್ನು ಇಟ್ಟುಕೊಂಡಿತ್ತು. ಕಟ್ಟಿದ ದಿನ ಅವಳು ತೋಳು ಮೇಲೆ ಸರಿಸಿ, ಮೊಣಕಾಲೂರಿ, ಮುಖ ಪಕ್ಕಕ್ಕೆ ತಿರುಗಿಸಿ, ಕೈಯನ್ನು ಒಳಗೆ ಇಳಿಸುತ್ತಿದ್ದಳು. ಬೆರಳು, ಮಣಿಕಟ್ಟು, ಮೊಣಕೈ, ಆಮೇಲೆ ಭುಜ. ಕೈಗವಸು ಇರಲಿಲ್ಲ. ಕೇಳಿದ್ದಳಂತೆ, ಬರುತ್ತೆ ಎಂದಿದ್ದರಂತೆ. ನನಗೆ ತೋರಿಸಿಕೊಟ್ಟ ದಿನ ಒಳಗಿನಿಂದ ಏನೋ ಬಿಟ್ಟುಕೊಂಡ ಸದ್ದು ಬಂತು. ನೀರು ಗಳಗಳ ಇಳಿಯಿತು. ಅಮ್ಮ ತಿರುಗಿ ನನ್ನನ್ನು ನೋಡಿ, ನೋಡಿದೆಯಾ, ಇಷ್ಟೇ ಎಂದಳು.

ನೋಡಿದೆ. ಇದಕ್ಕೆ ವಿದ್ಯೆ ಬೇಡ, ಬುದ್ಧಿ ಬೇಡ. ಒಂದು ತೋಳು ಬೇಕು. ಆ ಕಟ್ಟಡದಲ್ಲಿ ತೋಳುಗಳಿಗೆ ಬರ ಇರಲಿಲ್ಲ.

ನಾನು ಎಲ್ಲಾ ಕಲಿತ ಮೇಲೆ ಮೇಸ್ತ್ರಿ ಬಂದ. ಅಮ್ಮ ಮೆಟ್ಟಿಲು ಒರೆಸುತ್ತಿದ್ದಳು. ನಾನು ಬಕೆಟ್ಟು ಹಿಡಿದು ಒಂದು ಮೆಟ್ಟಿಲು ಕೆಳಗೆ ನಿಂತಿದ್ದೆ.

“ಬೀಗದ ಕೈ ಮಗಳ ಹತ್ರ ಕೊಡು. ನಾಳೆಯಿಂದ ನೀನು ಬರೋದು ಬೇಡ.”

ಅಮ್ಮ ಅರ್ಥವಾಗದೆ ನಕ್ಕಳು. ರಜೆಯೇ ಎಂದು ಕೇಳಿದಳು.

“ರಜಾನೇ ಅಂದ್ಕೋ. ಹುಡುಗಿ ಬಂದಿದ್ದಾಳಲ್ಲ. ಒಂದೇ ಕೆಲಸಕ್ಕೆ ಇಬ್ಬರು ಯಾಕೆ? ನೀನಾದ್ರೇನು, ನಿನ್ನ ಮಗಳಾದ್ರೇನು, ಎಲ್ಲಾ ಒಂದೇ ಮನೆ ತಾನೇ?”

ಒಂದೇ ಮನೆ. ನಿಜ. ಮೊದಲು ಆ ಮನೆಗೆ ಕೂಲಿ ಬರುತ್ತಿತ್ತು, ಇನ್ನು ಮೇಲೆ ಅನುಭವ ಬರುತ್ತದೆ. ಅಮ್ಮ ಸೊಂಟದಿಂದ ಬೀಗದ ಕೈ ತೆಗೆದಳು. ಕೊಡುವ ಮೊದಲು ಸೆರಗಿನಲ್ಲಿ ಒರೆಸಿದಳು. ನನಗೆ ಕೊಟ್ಟಳು. ಆಮೇಲೆ ಉಳಿದ ಮೆಟ್ಟಿಲುಗಳನ್ನೂ ಒರೆಸಿಯೇ ಮನೆಗೆ ಹೋದಳು.

ಮನೆಯಲ್ಲಿ ಅಮ್ಮ ಗೋಡೆಗೆ ಒರಗಿ ಕೂತಿದ್ದಳು. ಕೆಲಸ ಹೋಯಿತು ಎಂದು ನಾನೇ ಅಜ್ಜಿಗೆ ಹೇಳಿದೆ. ಅಜ್ಜಿ ಅದೇ ನಗರಸಭೆಯ ಬೀದಿ ಗುಡಿಸಿ ಸೊಂಟ ಮುರಿದುಕೊಂಡವಳು.

“ಓದಿಸಬೇಕಿತ್ತು ಕಣೇ ಇವಳನ್ನ” ಎಂದು ಅಮ್ಮನಿಗೆ ಹೇಳಿದಳು. “ಓದಿದ್ದಿದ್ರೆ ಬೇರೆ ಯಾರದಾದ್ರೂ ಅಮ್ಮನ ಕೆಲಸ ಕಿತ್ಕೋತಿದ್ಲು.”

ನೀನಾದರೂ ಹೋಗು, ಬಿಡಬೇಡ, ನಾಳೆ ನಿನಗಾದರೂ ಖಾಯಂ ಆಗಬಹುದು ಎಂದು ಅಮ್ಮ ಗೋಡೆಯನ್ನು ನೋಡಿಕೊಂಡೇ ಹೇಳಿದಳು. ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು. ನನ್ನ ಹಿಂದೆ ಹೊಸ ತಂಡ ಬರುತ್ತದೆ. ಅವರಲ್ಲೂ ನಮ್ಮ ಓಣಿಯವಳು ಒಬ್ಬಳಿರುತ್ತಾಳೆ. ನಗರಸಭೆಗೆ ಇನ್ನು ಮೇಲೆ ಕಕ್ಕಸು ತೊಳೆಸಲು ಕೂಲಿ ಕೊಡುವ ಗೋಜೇ ಇಲ್ಲ. ನಿರುದ್ಯೋಗ ಇರುವವರೆಗೆ ಕಟ್ಟಡ ಫಳಫಳ ಹೊಳೆಯುತ್ತದೆ.

ಹೋದೆ. ಎರಡೂ ಅಂತಸ್ತು ಒಬ್ಬಳೇ ಮಾಡಿದೆ. ಸಂಜೆ ಬೆರಳು ಮಡಚಲು ಆಗುತ್ತಿರಲಿಲ್ಲ. ಅಮ್ಮ ಅದೇ ಬೆರಳಿಗೆ ಎಣ್ಣೆ ಹಚ್ಚುತ್ತಾ, ತೊಟ್ಟಿ ಚೆನ್ನಾಗಿ ಉಜ್ಜಿದೆಯಾ ಎಂದು ಕೇಳುತ್ತಿದ್ದಳು. ಮನೆಯ ಅಕ್ಕಿ ಡಬ್ಬಿ ತಳ ಕಾಣತೊಡಗಿತು. ಅಮ್ಮ ಮನೆ ಮನೆ ಕೆಲಸ ಕೇಳಿ ಬಂದಳು. ನೀನು ಅಲ್ಲಿ ತೊಳೆಯುತ್ತಿದ್ದವಳಲ್ಲವೇ, ಅಡುಗೆಮನೆಗೆ ಬೇಡ ಎಂದರಂತೆ.

ಅಷ್ಟರಲ್ಲಿ ನಗರಸಭೆಯ ಕೀರ್ತಿ ಹಬ್ಬಿತ್ತು. ನಿರುದ್ಯೋಗಿಗಳನ್ನೆಲ್ಲ ಕೆಲಸಕ್ಕೆ ಹಚ್ಚಿದ ಮಾದರಿ ನಗರಸಭೆ ನೋಡಲು ಜಿಲ್ಲಾ ಕಚೇರಿಯಿಂದ ದೊಡ್ಡವರು ಬರುತ್ತಾರೆ ಎಂದಾಯಿತು. ನಗು ಮೇಡಂ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ನಗು ಅಭ್ಯಾಸ ಮಾಡಿಸಿದರು. ತಾಯಿಯ ಹಾದಿಯಲ್ಲಿ ಮಗಳು ಎಂದು ನನ್ನನ್ನು ವಿಶೇಷವಾಗಿ ತೋರಿಸುತ್ತಾರಂತೆ. ತಾಯಿಯನ್ನು ಹಾದಿಯಿಂದ ಇಳಿಸಿದವರು ಯಾರು ಎಂಬುದನ್ನು ಮಾತ್ರ ತೋರಿಸುವುದಿಲ್ಲವಂತೆ.

ಅವರು ಬರುವ ದಿನ ಬೆಳಿಗ್ಗೆ ಮೇಲಿನ ಕಕ್ಕಸು ಕಟ್ಟಿಕೊಂಡಿತು.

ಅದಕ್ಕೇನು ದಿನ ನೋಡುವ ಚಟ ಇರಲಿಲ್ಲ. ಹಿಂದಿನ ದಿನ ತಯಾರಿ ಸಭೆ ನಡೆದಿತ್ತು, ಎಲ್ಲರೂ ಹೊಟ್ಟೆ ತುಂಬ ತಿಂದಿದ್ದರು. ಯಾರೋ ಚಹಾದ ಲೋಟಗಳನ್ನೂ ಅದರಲ್ಲೇ ಹಾಕಿದ್ದರು. ನೀರು ತುಂಬಿ ಹೊಸ್ತಿಲು ದಾಟಿ ವರಾಂಡಕ್ಕೆ ಬರುತ್ತಿತ್ತು. ಬರೀ ನೀರಲ್ಲ. ಮೇಸ್ತ್ರಿ ಪ್ಯಾಂಟು ಎತ್ತಿ ಹಿಡಿದುಕೊಂಡು ದೂರದಿಂದ ನನ್ನನ್ನು ಕರೆದ.

“ಏನು ನೋಡ್ತಾ ನಿಂತಿದೀಯ? ಕೈ ಹಾಕು.”

ನಾನು ತೋಳು ಮೇಲೆ ಸರಿಸಿದೆ. ಮೊಣಕಾಲೂರಲು ಹೋದೆ. ನೀರಿನಲ್ಲಿ ತೇಲುತ್ತಿದ್ದದ್ದು ನನ್ನ ಪಾದಕ್ಕೆ ತಾಗಿತು. ಅಮ್ಮನ ಭುಜ ನೆನಪಾಯಿತು. ಅವಳ ಕೈ ಒಳಗೆ ಹೋದಾಗ ಅವಳಿಗೆ ಕೂಲಿಯಾದರೂ ಇತ್ತು. ನಾನು ಎದ್ದು ನಿಂತೆ.

“ಹಾಕಲ್ಲ” ಎಂದೆ.

ಆ ಕಟ್ಟಡದಲ್ಲಿ ನಾನು ಗಟ್ಟಿಯಾಗಿ ಆಡಿದ ಮೊದಲ ಮಾತು ಅದು. ಮೇಸ್ತ್ರಿಗೆ ಕೇಳಿಸಲಿಲ್ಲವೋ, ಕೇಳಿಸಿದ್ದನ್ನು ನಂಬಲಿಲ್ಲವೋ, ಇನ್ನೊಂದು ಸಲ ಹೇಳಿದ. ನಾನೂ ಇನ್ನೊಂದು ಸಲ ಹೇಳಿದೆ. ಅವನು ಓಡಿ ಹೋಗಿ ನಗು ಮೇಡಂರನ್ನು ಕರೆತಂದ. ಮೇಡಂ ಮೂಗಿಗೆ ಕರವಸ್ತ್ರ ಹಿಡಿದು ನಕ್ಕರು. ಇದು ಕಲಿಯುವ ಅವಕಾಶ, ಯಾವ ಕೆಲಸವೂ ಕೀಳಲ್ಲ ಎಂದು ತಿಳಿಹೇಳಿದರು. ಅದನ್ನು ಹೇಳುವಾಗ ಅವರು ಹಿಂದೆ ಹಿಂದೆ ಸರಿಯುತ್ತಿದ್ದರು.

“ಕಲಿತಾಯ್ತು ಮೇಡಂ. ಇದು ಕಲಿಕೆ ಅಲ್ಲ, ಕೆಲಸ. ಇಲ್ಲಿ ಇಬ್ಬರ ಕೆಲಸ ಇದೆ. ಅಮ್ಮನ್ನೂ ಕರೀರಿ, ನನ್ನನ್ನೂ ಇಟ್ಕೊಳ್ಳಿ. ಇಬ್ಬರಿಗೂ ಕೂಲಿ ಕೊಡಿ. ಕೈಗವಸು ಕೊಡಿ. ಆಮೇಲೆ ಕೈ ಹಾಕ್ತೀವಿ.”

ಹೆಸರು ತೆಗೆದುಹಾಕುತ್ತೇವೆ, ಸರ್ಟಿಫಿಕೇಟು ಸಿಗುವುದಿಲ್ಲ ಎಂದರು. ತೆಗೆಯಿರಿ ಎಂದೆ. ಮೇಡಂ ನಗದೇ ಇದ್ದದ್ದು ಅದೇ ಮೊದಲ ಸಲ. ನಗು ಇಲ್ಲದ ಆ ಮುಖ ಯಾರದೋ ಬೇರೆಯವರದು ಎನ್ನಿಸಿತು.

ಉಳಿದ ತರಬೇತಿಯವರನ್ನೆಲ್ಲ ಕರೆಸಿದರು. ಎಲ್ಲರೂ ಒಂದೊಂದು ಕೈ ಹಾಕಿದರೆ ಕ್ಷಣದಲ್ಲಿ ಮುಗಿಯುತ್ತದೆ ಎಂದರು. ಯಾರೂ ಅಲುಗಲಿಲ್ಲ. ಫೈಲು ಹೊರುವ ಹುಡುಗಿಯರು ಮೂಗು ಮುಚ್ಚಿಕೊಂಡು ಗೋಡೆಗೆ ಅಂಟಿಕೊಂಡರು. ಡಿಗ್ರಿ ಬೆನ್ನು ನೆಟ್ಟಗೆ ಮಾಡಿ, “ಅದು ನನ್ನ ಕೌಶಲ್ಯ ಅಲ್ಲ ಮೇಡಂ” ಎಂದ. ಎಲ್ಲರೂ ನನಗೆ ಬೆಂಬಲವಾಗಿ ನಿಂತರು ಎಂದು ಬರೆದರೆ ಕಥೆ ಚೆನ್ನಾಗಿರುತ್ತದೆ. ಆದರೆ ಅವರು ನಿಂತದ್ದು ನನಗಾಗಿ ಅಲ್ಲ. ಅವರ ವಿಳಾಸ ಬೇರೆ. ಅವರ ಅಸಹ್ಯ ಅವತ್ತು ನನ್ನ ಕೆಲಸಕ್ಕೆ ಬಂತು, ಅಷ್ಟೇ. ಡಿಗ್ರಿ ಆಮೇಲೆ ನನ್ನ ಪಕ್ಕ ಬಂದು ಏನೋ ಹೇಳಲು ಹೋದ. ನಾನು ನಿಲ್ಲಲಿಲ್ಲ. ಬೀಗದ ಕೈಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಮೆಟ್ಟಿಲಿಳಿದೆ.

ನಾನು ನಡೆದು ಮನೆ ಸೇರುವ ಹೊತ್ತಿಗೆ ಮೇಸ್ತ್ರಿಯ ಬೈಕು ಬಾಗಿಲ ಮುಂದಿತ್ತು. ಅದು ಓಣಿಯ ಒಳಗೆ ಬಂದಿತ್ತು. ಜಾಗ ಬೇಕಾದಾಗ ಆಗುತ್ತದೆ.

ಅಮ್ಮ ಎದ್ದು ನಿಂತಿದ್ದಳು. ತಲೆಗೆ ಬಟ್ಟೆ ಕಟ್ಟಿಕೊಂಡಾಗಿತ್ತು. ಒಂದು ಕರೆ ಸಾಕು, ಅವಳ ಕೈಕಾಲು ತಾವಾಗಿಯೇ ಹೊರಡುತ್ತವೆ. ಇವತ್ತೊಂದು ದಿನ ಬಾ, ಊರಿನ ಮಾನದ ಪ್ರಶ್ನೆ, ದೊಡ್ಡವರು ಆಗಲೇ ಬಂದಿದ್ದಾರೆ ಎಂದು ಮೇಸ್ತ್ರಿ ಗೋಗರೆಯುತ್ತಿದ್ದ. ನಾನು ಬಾಗಿಲಲ್ಲೇ ನಿಂತೆ. ಅಮ್ಮ ಈಗ ಹೋದರೆ ನಾನು ಅಲ್ಲಿ ಎದ್ದು ನಿಂತದ್ದಕ್ಕೆ ಅರ್ಥವಿಲ್ಲ. ಹೋಗಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಅಕ್ಕಿ ಡಬ್ಬಿ ನನಗೂ ಕಾಣುತ್ತಿತ್ತು.

ಅಮ್ಮ ನನ್ನ ಕೈ ನೋಡಿದಳು. ಒಣಗಿತ್ತು.

“ಇವಳು ಅಲ್ಲಿ ಏನಂದಳು ಮೇಸ್ತ್ರಣ್ಣ?” ಎಂದು ಕೇಳಿದಳು.

ಮೇಸ್ತ್ರಿ ಸಿಡುಕಿದ. ಇಬ್ಬರಿಗೂ ಕೂಲಿ ಕೊಡಬೇಕಂತೆ, ಕೈಗವಸು ಬೇಕಂತೆ, ಎಲ್ಲರ ಮುಂದೆ ಬಾಯಿಗೆ ಬಂದ ಹಾಗೆ ಮಾತಾಡಿದಳು ಎಂದ.

“ಇವಳಾ?”

“ಇವಳೇ.”

ಅಜ್ಜಿ ಮೂಲೆಯಲ್ಲಿ ಕಿಸಕ್ಕನೆ ನಕ್ಕಳು. ಅಮ್ಮ ನಗಲಿಲ್ಲ. ಇವತ್ತು ಬರುತ್ತೇನೆ, ನಾಳೆಗೆ ಏನು ಎಂದು ಕೇಳಿದಳು. ಮೇಸ್ತ್ರಿ ಹೊರಗೆ ಹೋಗಿ ಅಧ್ಯಕ್ಷರಿಗೆ ಫೋನು ಮಾಡಿದ. ಬೈಸಿಕೊಂಡ. ಒಳಗೆ ಬಂದಾಗ ಅವನ ಮುಖದಲ್ಲಿ ಉದಾರ ಗುಣ ತುಂಬಿ ತುಳುಕುತ್ತಿತ್ತು. ಅಧ್ಯಕ್ಷರು ಒಪ್ಪಿದ್ದಾರೆ, ಇಬ್ಬರೂ ಬರಬಹುದು. ಇದ್ದ ಒಂದು ಕೂಲಿಯನ್ನೇ ಇಬ್ಬರೂ ಹಂಚಿಕೊಳ್ಳುವುದು. ಖರ್ಚು ಹೆಚ್ಚಲಿಲ್ಲ, ಇಬ್ಬರಿಗೆ ಉದ್ಯೋಗ ಕೊಟ್ಟ ಹಾಗೂ ಆಯಿತು. ದೊಡ್ಡವರ ಮುಂದೆ ಹೇಳಿಕೊಳ್ಳಲು ಎಷ್ಟು ಚೆಂದ.

ಅಮ್ಮ ನನ್ನ ಕಡೆ ತಿರುಗಿ ಕಾದಳು. ಹುಟ್ಟಿದಾಗಿನಿಂದ ಯಾರೂ ನನ್ನ ಮಾತಿಗಾಗಿ ಹಾಗೆ ಕಾದಿರಲಿಲ್ಲ.

“ಎರಡು ಕೂಲಿ” ಎಂದೆ.

“ಎರಡು ಕೂಲಿ” ಎಂದಳು ಅಮ್ಮ. ತಲೆಯ ಬಟ್ಟೆ ಬಿಚ್ಚಿದಳು.

ಇದನ್ನು ನಾನು ಹೇಗೆ ಅಧ್ಯಕ್ಷರಿಗೆ ಹೇಳಲಿ, ನನ್ನ ಕೆಲಸ ಹೋಗುತ್ತೆ ಎಂದು ಮೇಸ್ತ್ರಿ ಅಲ್ಲೇ ಕುಸಿದು ಕೂತ. ನೀವು ಹೇಳುವುದು ಬೇಡ, ನಾವೇ ಬಂದು ಹೇಳುತ್ತೇವೆ ಎಂದು ಅಮ್ಮ ಚಪ್ಪಲಿ ಮೆಟ್ಟಿದಳು. ಅಜ್ಜಿಯೂ ಕೋಲು ಹುಡುಕಿಕೊಂಡು ಎದ್ದಳು. ನೀನೆಲ್ಲಿಗೆ ಎಂದರೆ, ನನ್ನ ಕಾಲದ ಬಾಕಿಯೂ ಇದೆ ನಡೀರಿ ಎಂದಳು.

ನಗರಸಭೆಯ ಮುಂಬಾಗಿಲ ಮೆಟ್ಟಿಲ ಮೇಲೆ ನಾವು ಮೂವರೂ ಕೂತೆವು. ಅಷ್ಟರಲ್ಲಿ ನೀರು ಮೇಲಿನಿಂದ ಮೆಟ್ಟಿಲು ಮೆಟ್ಟಿಲು ಇಳಿದು ಕೆಳಗಿನ ಹಜಾರಕ್ಕೆ ಬಂದಿತ್ತು. ಹೊರಗೆ ನಿಂತವರಿಗೂ ವಾಸನೆ ಬಡಿಯುತ್ತಿತ್ತು. ಒಳಗೆ ಮೈಕಿನಲ್ಲಿ ಯಾರೋ ಯುವಶಕ್ತಿಯ ಬಗ್ಗೆ ಮಾತಾಡುತ್ತಿದ್ದರು. ಭಾಷಣ ಬೇಗ ಮುಗಿಯಿತು. ಅಂಥ ಚುಟುಕು ಭಾಷಣ ಆ ಕಟ್ಟಡದಲ್ಲಿ ಅದೇ ಮೊದಲು.

ದೊಡ್ಡವರು ಹಿಂಬಾಗಿಲಿನಿಂದ ಹೋದರು. ಅಧ್ಯಕ್ಷರ ಕಾರು ಮುಂದೆಯೇ ನಿಂತಿತ್ತು. ಅವರು ಹಜಾರದ ಒಣ ಜಾಗ ಹುಡುಕುತ್ತಾ, ಬಿಳಿ ಪ್ಯಾಂಟನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಬಾಗಿಲಿಗೆ ಬಂದರು. ಮೆಟ್ಟಿಲಿನ ಒಣಗಿದ ಬದಿಯಲ್ಲಿ ನಾವಿದ್ದೆವು. ಇನ್ನೊಂದು ಬದಿಯಲ್ಲಿ ನೀರು ಹರಿಯುತ್ತಿತ್ತು. ಅವರನ್ನು ಕಂಡ ಕೂಡಲೇ ಅಮ್ಮನ ಕಾಲು ಏಳಲು ಹೊರಟಿತು. ನಾನು ಅವಳ ಮೊಣಕಾಲಿನ ಮೇಲೆ ಕೈಯಿಟ್ಟು ಒತ್ತಿ ಹಿಡಿದೆ.

“ಏಳ್ರಮ್ಮಾ, ದಾರಿ ಬಿಡಿ” ಎಂದರು.

“ಎರಡು ಕೂಲಿ ಸಾರ್” ಎಂದೆ.

ನೋಡೋಣ, ಮೊದಲು ಏಳಿ ಎಂದರು. ಮೊದಲು ನೀವು ನೋಡಿ, ಆಮೇಲೆ ಏಳುತ್ತೇವೆ ಎಂದಳು ಅಮ್ಮ. ಅವರು ಮೇಸ್ತ್ರಿಯನ್ನು ಕೂಗಿದರು. ಮೇಸ್ತ್ರಿ ಬರಲಿಲ್ಲ. ಅಜ್ಜಿ ಕೋಲಿನಿಂದ ಪಕ್ಕದ ನೀರು ತೋರಿಸಿ, ಅಲ್ಲಿ ಜಾಗ ಐತಲ್ಲ ಹೋಗಪ್ಪಾ ಎಂದಳು.

ಅಧ್ಯಕ್ಷರು ನಮ್ಮನ್ನು ನೋಡಿದರು. ನೀರನ್ನು ನೋಡಿದರು. ಪ್ಯಾಂಟು ಇನ್ನಷ್ಟು ಮೇಲೆತ್ತಿ, ಒಂದು ಕಾಲು ಇಳಿಸಿದರು. ಅವರ ಬೂಟಿನೊಳಗೆ ನೀರು ನುಗ್ಗಿದ ಸದ್ದು ಮೂವರಿಗೂ ಕೇಳಿಸಿತು.

ನಾವು ಏಳಲಿಲ್ಲ.